ಮೀನಿನ ತೊಟ್ಟಿಗೆ ವಿಭೂತಿ

ನನ್ನ ಹೆಂಡತಿಯ ಬಲಗಣ್ಣಿಗೆ ಪೊರೆಯ ಆಪರೇಷನ್ ಆದಾಗ ನಾನು ಮಾಡಿದ ಘನಕಾರ್ಯವೆಂದರೆ ಮೀನಿನ ತೊಟ್ಟಿ ತೊಳೆದದ್ದು. ಮೈಸೂರಿನಲ್ಲಿ ಆಪರೇಷನ್ ಮುಗಿಸಿಕೊಂಡು ಅವಳು ಒಂದು ವಾರ ಸೋಸಲೆಯ ತಂಗಿಯ ಮನೆಯಲ್ಲಿದ್ದಳು. ನಂಜನಗೂಡಿನ ಮನೆಯಲ್ಲಿ ನಾನು ಮತ್ತು ಆರು ಮೀನು. ರಿಟೈರಾದ ಮೇಷ್ಟರಿಗೆ ಇಷ್ಟು ಬಿಡುವು ಸಿಕ್ಕಿದರೆ ಮನೆಯಲ್ಲಿ ಏನಾದರೊಂದು ಹಾಳಾಗಲೇಬೇಕು.

ಹೊರಡುವಾಗ ಅವಳು ತೊಟ್ಟಿಯ ಮುಂದೆ ನಿಂತು, "ಇವು ಸರಿಯಾಗಿ ಕಾಣ್ದೆ ವರ್ಷವಾಯ್ತು ಕಣ್ರೀ. ಬಂದ್ ತಕ್ಷಣ ಮೊದ್ಲು ಇವನ್ನೇ ನೋಡೋದು," ಎಂದಿದ್ದಳು. ತೊಟ್ಟಿಯ ಗೋಡೆಗೆ ಪಾಚಿ ಹಿಡಿದಿತ್ತು. ಅವಳು ಬರುವಷ್ಟರಲ್ಲಿ ಥಳಥಳ ಮಾಡಿಡೋಣವೆಂದು ನನಗೆ ಹುಮ್ಮಸ್ಸು ಬಂತು. ಮಾರಿದ ಅಂಗಡಿಯವನೇನೋ, "ಸಾ, ಇದು ಗಾಜಲ್ಲ, ಒಂಥರಾ ಪ್ಲಾಸ್ಟಿಕ್ಕು. ಮೆತ್ತನೆ ಬಟ್ಟೆ ಒದ್ದೆ ಮಾಡ್ಕೊಂಡು ಒರೆಸಿ. ಪುಡಿಗಿಡಿ ಮುಟ್ಟಿಸ್ಬೇಡಿ," ಎಂದು ಮೂರು ಸಲ ಹೇಳಿದ್ದ. ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವನ ಕಿವಿಗೆ ಇಂಥದ್ದೆಲ್ಲ ಇಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಲಾಟೀನಿನ ಗಾಜು ಉಜ್ಜುತ್ತಿದ್ದದ್ದು ವಿಭೂತಿಯಿಂದ. ಪೂಜೆಯಲ್ಲಿ ಸವೆದ ಚೂರುಗಳನ್ನು ಪುಡಿ ಮಾಡಿ, ಹಳೆ ಪಂಚೆಯ ತುಂಡಿನಿಂದ ತಿಕ್ಕಿದರೆ ಹೊಗೆಮಸಿ ಮಾಯ. ಚಿಕ್ಕಂದಿನಲ್ಲಿ ಅದು ನನ್ನದೇ ಕೆಲಸ, ಅದರಲ್ಲಿ ನನಗೆ ಹೆಸರೂ ಇತ್ತು. ಮೀನುಗಳನ್ನು ಅದೇ ನೀರಿನೊಂದಿಗೆ ಬಕೆಟ್ಟಿಗೆ ಬಿಟ್ಟು, ತೊಟ್ಟಿ ಖಾಲಿ ಮಾಡಿ, ದೇವರ ಗೂಡಿನಿಂದ ಒಂದು ವಿಭೂತಿ ಗಟ್ಟಿ ಎತ್ತಿಕೊಂಡೆ. ಶಿವ ಬೇಡವೆನ್ನಲಿಲ್ಲ. ಒಳಗೂ ಹೊರಗೂ ತಿಕ್ಕಿದೆ. ಒದ್ದೆಯಿದ್ದಾಗ ಮಿಂಚುತ್ತಿತ್ತು, ಒಣಗಿದರೆ ಮಂಜು. ವಿಭೂತಿ ಅಂಟಿಕೊಂಡಿದೆಯೆಂದು ಇನ್ನಷ್ಟು ವಿಭೂತಿ ಹಾಕಿ ತಿಕ್ಕಿದೆ. ಕೊನೆಗೆ ಬಿಸಿಲಿಗೆ ಹಿಡಿದಾಗ ಗೊತ್ತಾಯಿತು, ಅದು ಪುಡಿಯಲ್ಲ, ಗೀರು. ಕೂದಲೆಳೆಯಂಥ ಸಾವಿರಾರು ಗೀರು. ನೀರು ತುಂಬಿ ಮೀನು ಬಿಟ್ಟೆ. ಅವು ಧೂಪದ ಹೊಗೆಯಲ್ಲಿ ಓಡಾಡುವಂತೆ ಕಂಡವು.

ಅವಳು ಬಂದಳು. ಕಪ್ಪು ಕನ್ನಡಕ ತೆಗೆದು ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಎದ್ದು ಒಳಗೆ ಹೋದಳು. ಬೈಗುಳ ತಪ್ಪಿತೆಂದು ನಾನು ಒಳಗೊಳಗೇ ಖುಷಿಪಟ್ಟೆ. ಮರುದಿನವೂ ಕೂತಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಊಟ ಅರ್ಧಕ್ಕೇ ಬಿಟ್ಟಳು. ಏಕೆಂದು ಕೇಳಿದರೆ ತೊಟ್ಟಿಯ ಮಾತು ಬರುತ್ತದಲ್ಲ, ನಾನು ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಅವಳ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಾಗ, "ಇನ್ನೊಂದ್ ಕಣ್ಣಿಗೆ ಆಪರೇಷನ್ ಬ್ಯಾಡ ಕಣ್ರೀ," ಎಂದಳು. "ಗೋಡೆ, ಬಾಗ್ಲು ಎಲ್ಲ ಕಾಣ್ತದೆ. ಸಣ್ಣದು ಕಾಣಲ್ಲ. ಮೀನೆಲ್ಲ ಮಂಜುಮಂಜು. ಈ ಕಣ್ಣು ಕೆಟ್ಟೋಯ್ತು. ಅದಾದ್ರೂ ಇರ್ಲಿ." ಅತ್ತರೆ ಔಷಧಿ ಹರಿದುಹೋಗುತ್ತದೆಂದು ಅಳುವನ್ನೂ ಹಲ್ಲು ಕಚ್ಚಿ ತಡೆದುಕೊಂಡಿದ್ದಳು.

ನಾನು ಡ್ರಾಪ್ಸ್ ಕೆಳಗಿಟ್ಟೆ. "ಕಣ್ಣಲ್ಲ ಕಣೇ, ಕೆಟ್ಟಿರೋದು ತೊಟ್ಟಿ. ನಾನೇ ವಿಭೂತಿ ಹಾಕಿ ಉಜ್ಜಿ ಹಾಳ್ ಮಾಡ್ದೆ."

"ಸಮಾಧಾನ ಹೇಳ್ಬೇಡಿ," ಎಂದಳು. ಮದುವೆಯಾದಾಗಿನಿಂದ ನಾನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅವಳು ಹೇಗೆ ನಂಬಿಯಾಳು?

ಗಾಜಿನ ಲೋಟದಲ್ಲಿ ಒಂದು ಮೀನು ಹಿಡಿದು ತಂದು, ಕಿಟಕಿಯ ಬೆಳಕಿಗೆ ತೋಳು ಚಾಚಿ ಹಿಡಿದೆ. ಅವಳು ಎಡಗಣ್ಣು ಮುಚ್ಚಿಕೊಂಡು ನೋಡಿದಳು.

"ಅಯ್ಯೋ, ಇದ್ರ ಕಣ್ಣಿನ ಸುತ್ತ ಚಿನ್ನದ್ ಬಳೆ ಐತಲ್ರೀ!"

ಆಮೇಲೆ ಅತ್ತಳು. ನಾನು ಲೋಟ ಕೆಳಗಿಟ್ಟು ನಗಲು ನೋಡಿದೆ. ಅವಳು ನಗಲಿಲ್ಲ.

"ಎರಡ್ ದಿನ ಕುರುಡಿಯಾದೆ ಅಂದ್ಕೊಂಡು ಕೂತಿದ್ದೆ," ಎಂದಳು. "ನೀವು ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ರಿ."