ಮಂಗಳದ ಮನೆಗೆ ಒಂದು ಬಾಗಿಲು

ಪುಣೆಯ ಖಡಕಿಯಲ್ಲಿರುವ ರಕ್ಷಣಾ ಕಾರ್ಖಾನೆಯೊಂದರಲ್ಲಿ ನಾನು ಬಹಳ ವರ್ಷ ನಕ್ಷೆ ಬರೆಯುವ ಕೆಲಸ ಮಾಡಿದೆ. ಏನು ಬರೆಯುತ್ತೇನೆಂದು ಹೆಂಡತಿಗೂ ಹೇಳಿದವನಲ್ಲ. ಹೇಳಬಾರದಂಥ ಗುಟ್ಟೇನೂ ನನ್ನ ಮೇಜಿಗೆ ಬರುತ್ತಿರಲಿಲ್ಲ. ಬಹುಪಾಲು ಮುಚ್ಚಳ, ಹಿಡಿಕೆ, ಪೆಟ್ಟಿಗೆಯ ಕೀಲು, ಅಷ್ಟೆ. ಆದರೂ ದಿನಾಲು ಗೇಟಿನಲ್ಲಿ ಊಟದ ಡಬ್ಬಿ ತೆರೆದು ತೋರಿಸಿ ಒಳಗೆ ಹೋಗುವವನಿಗೆ ಬಾಯಿ ಮುಚ್ಚಿಕೊಂಡಿರುವುದು ತಾನಾಗಿಯೇ ರೂಢಿಯಾಗುತ್ತದೆ. ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ "ಎಲ್ಲಿ ಕೆಲಸ?" ಎಂದರೂ ನಾನು ಮೊದಲು ಅವರನ್ನು ಕಾಲಿಂದ ತಲೆಯವರೆಗೆ ನೋಡುತ್ತಿದ್ದೆ. ವಿಜಾಪುರದ ಕಡೆಯಿಂದ ಬಂದವನು, ಮೊದಲು ಹೀಗಿರಲಿಲ್ಲ. ಪುಣೆಯೂ ಆ ಗೇಟೂ ಕೂಡಿ ನನ್ನನ್ನು ಹೀಗೆ ಮಾಡಿದವು.

ಎರಡು ಸಾವಿರದ ಎರಡನೆಯ ಇಸವಿಯ ಸುಮಾರಿಗೆ ಖಡಕಿ ಬಜಾರಿನಲ್ಲಿ ಒಂದು ಸೈಬರ್ ಕೆಫೆ ಶುರುವಾಯಿತು. ಹೆಂಡತಿಯ ತಂಗಿಯ ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಮೊದಲ ಸಲ ಅಲ್ಲಿಗೆ ಹೋದೆ. ಫಲಿತಾಂಶ ಐದೇ ನಿಮಿಷದಲ್ಲಿ ಸಿಕ್ಕಿತು. ದುಡ್ಡು ಕೊಟ್ಟ ಗಂಟೆ ಮುಗಿಯಲು ಇನ್ನೂ ಹೊತ್ತಿತ್ತು. ಭಾನುವಾರದ ಪುರವಣಿಯಲ್ಲಿ ಮಂಗಳ ಗ್ರಹದ ಬಗ್ಗೆ ಓದಿದ್ದು ನೆನಪಾಗಿ ಅದನ್ನೇ ಹುಡುಕಿದೆ. ಹಾಗೆ ಹುಡುಕುತ್ತ ಅಂತರಜಾಲದ ಒಂದು ಚರ್ಚಾಕೂಟಕ್ಕೆ ಬಂದು ಬಿದ್ದೆ.

ಬೇರೆ ಬೇರೆ ದೇಶದ ಜನ ಅಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮುಂದೊಂದು ದಿನ ಮನುಷ್ಯರು ಮಂಗಳಕ್ಕೆ ಹೋದರೆ ಎಲ್ಲಿ ಇರಬೇಕು, ಏನು ತಿನ್ನಬೇಕು, ನೀರು ಎಲ್ಲಿಂದ ತರಬೇಕು ಎಂಬುದೇ ಮಾತು. ಒಬ್ಬರು ನೆಲದೊಳಗಿನ ಗುಹೆಗಳೇ ಮೇಲು ಎನ್ನುವರು. ಇನ್ನೊಬ್ಬರು ಗಾಜಿನ ಗುಮ್ಮಟ ಕಟ್ಟಿ ಆಲೂಗಡ್ಡೆ ಬೆಳೆಯುವರು. ಮತ್ತೊಬ್ಬರಂತೂ ಮನುಷ್ಯ ಅಲ್ಲಿಗೆ ಕಾಲಿಡುವುದೇ ಬೇಡ, ಯಂತ್ರಗಳು ಸಾಕು ಎಂದು ಎಲ್ಲರೊಂದಿಗೂ ಜಗಳಕ್ಕೆ ನಿಲ್ಲುವರು. ಯಾರೂ ತಮ್ಮ ನಿಜವಾದ ಹೆಸರು ಹಾಕುತ್ತಿರಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಯಾವ ಲಾಭವೂ ಇಲ್ಲದೆ ಇಷ್ಟು ಜನ ಇಷ್ಟೊಂದು ಯಾಕೆ ಮಾತಾಡುತ್ತಾರೆ? ಇದನ್ನು ನಡೆಸುವವರು ಯಾರು? ಆದರೂ ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ತಪ್ಪದೆ ಅಲ್ಲಿಗೆ ಹೋಗುವುದು ಅಭ್ಯಾಸವಾಯಿತು.

ಕೆಫೆಯ ಮಾಲೀಕನಿಗೆ ನನ್ನ ಮೇಲೆಯೇ ಅನುಮಾನ. ನಲವತ್ತು ದಾಟಿದವನು ಪ್ಲೈವುಡ್ಡಿನ ಗೂಡಿನೊಳಗೆ ಪರದೆ ಎಳೆದುಕೊಂಡು ಎರಡು ಗಂಟೆ ಏನು ನೋಡುತ್ತಾನೆ? ಒಂದು ದಿನ ಸದ್ದಿಲ್ಲದೆ ಬಂದು ನನ್ನ ಹೆಗಲ ಮೇಲಿಂದ ಇಣುಕಿದ. ತೆರೆಯ ಮೇಲೆ ಕೆಂಪು ನೆಲ, ಅದರ ತುಂಬ ಕಲ್ಲು.

"ದಗಡ್? ಫಕ್ತ ದಗಡ್?" ಎಂದ. ಕಲ್ಲಷ್ಟೇನಾ ಎಂದು ಅವನಿಗೆ ನಿರಾಸೆಯೇ ಆದಂತಿತ್ತು.

ಕೆಲವು ತಿಂಗಳು ಬರೀ ಓದಿದೆ. ಆಮೇಲೆ ತಡೆಯಲಾಗಲಿಲ್ಲ. ಸೋಲಾಪುರದ ಶಾಲೆಯೊಂದರ ಚಿತ್ರಕಲಾ ಶಿಕ್ಷಕ ಎಂದು ಸುಳ್ಳು ಹೇಳಿಕೊಂಡು ಕೂಟ ಸೇರಿದೆ. ಮಂಗಳದ ಧೂಳಿನ ಬಗ್ಗೆ ಆಗ ಅಲ್ಲಿ ಚರ್ಚೆ ನಡೆದಿತ್ತು. ಅದು ಹಿಟ್ಟಿಗಿಂತ ನುಣುಪಂತೆ, ಹೊರಗೆ ಹೋಗಿ ಬಂದವರ ಉಡುಪಿಗೆ ಅಂಟಿಕೊಂಡು ಮನೆಯೊಳಗೆ ಬಂದರೆ ಉಸಿರಾಟಕ್ಕೇ ಕುತ್ತಂತೆ. ಧೂಳು ಒಳಗೆ ಬಾರದಂತೆ ಮುಚ್ಚಳ ಕೂಡಿಸುವುದು ನನ್ನ ಜೀವಮಾನದ ಕೆಲಸ. ಮಂಗಳದ ಮನೆಗೆ ನಾನೊಂದು ಬಾಗಿಲು ಬರೆಯುತ್ತೇನೆ ಅಂದುಕೊಂಡೆ.

ಬಜಾರಿನ ಅಂಗಡಿಯಿಂದ ದಪ್ಪ ಹಾಳೆಗಳ ಕಟ್ಟು ತಂದು ಮೂರು ಭಾನುವಾರ ಕೂತು ಬರೆದೆ. ಕಾರ್ಖಾನೆಯ ಒಂದು ಪೆನ್ಸಿಲನ್ನೂ ಅದಕ್ಕೆ ಮುಟ್ಟಿಸಲಿಲ್ಲ. ಹೊರಗೆ ತೆರೆಯುವ ಬಾಗಿಲು, ಅಂಚಿಗೆ ಎರಡು ಸುತ್ತು ರಬ್ಬರು, ಚೌಕಟ್ಟಿಗೆ ನಾಲ್ಕು ಚಿಲಕ. ಹೊರಕ್ಕೆ ತೆರೆದರೆ ಮೆತ್ತಿದ ಧೂಳೆಲ್ಲ ಹೊರಗೇ ಉದುರುತ್ತದೆ ಎಂಬುದು ನನ್ನ ಲೆಕ್ಕ. ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ ಕೂಟಕ್ಕೆ ಹಾಕಿದೆ. ಮುಂದಿನ ಶನಿವಾರ ಹೋಗಿ ನೋಡಿದರೆ ಹೊಗಳಿಕೆಯೋ ಹೊಗಳಿಕೆ. ಆಲೂಗಡ್ಡೆಯವರಂತೂ ತಮ್ಮ ಗುಮ್ಮಟಕ್ಕೆ ಇದೇ ಬಾಗಿಲು ಇರಲಿ ಎಂದು ಬರೆದಿದ್ದರು. ಆಫೀಸಿನಲ್ಲಿ ಅಷ್ಟು ವರ್ಷ ಬರೆದ ಯಾವ ಮುಚ್ಚಳಕ್ಕೂ ಯಾರೂ ಚೆನ್ನಾಗಿದೆ ಎಂದವರಿರಲಿಲ್ಲ. ಮನೆಗೆ ನಡೆದು ಬರುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಅದರ ಮುಂದಿನ ವಾರ ಒಂದು ಖಾಸಗಿ ಪತ್ರ ಬಂತು. ಬರೆದವರು ಕೂಟದಲ್ಲಿ ಬಿಳಿ ಕರಡಿ ಎಂಬ ಅರ್ಥದ ಹೆಸರಿಟ್ಟುಕೊಂಡವರು. ಅಪರೂಪಕ್ಕೆ, ಅದೂ ಎರಡೇ ಸಾಲು ಬರೆಯುವ ಮನುಷ್ಯ. ಹೆಸರು ನೋಡಿ ಯಾವುದೋ ಹಿಮದ ದೇಶದವರು ಎಂದುಕೊಂಡಿದ್ದೆ. ಪತ್ರ ಹೀಗಿತ್ತು: ನೀವು ಚಿತ್ರಕಲಾ ಶಿಕ್ಷಕರಲ್ಲ. ಚಿತ್ರಕಲೆ ಕಲಿಸುವವರು ನಡುಗೆರೆಯನ್ನು ಹೀಗೆ ಎಳೆಯುವುದಿಲ್ಲ, ಇದು ಯಂತ್ರದ ನಕ್ಷೆ ಬರೆಯುವವರ ಕೈ. ಖಡಕಿಯಲ್ಲಿ ಮಳೆ ಹೇಗಿದೆ? ನಿಮ್ಮ ಬಾಗಿಲಿನ ಬಗ್ಗೆ ಎಲ್ಲರೆದುರು ಹೇಳಲಾಗದ ಮಾತೊಂದಿದೆ. ಎಲ್ಲಿಗೆ ಬರೆಯಲಿ?

ಹೊರಗೆ ನಿಜವಾಗಿಯೂ ಮಳೆ ಸುರಿಯುತ್ತಿತ್ತು. ಕೂಟದಲ್ಲಿ ಖಡಕಿಯ ಹೆಸರನ್ನು ನಾನು ಎಂದೂ ಎತ್ತಿದವನಲ್ಲ. ಎದ್ದು ನಿಂತು ಅಕ್ಕಪಕ್ಕದ ಗೂಡುಗಳನ್ನೆಲ್ಲ ನೋಡಿದೆ. ಒಂದರಲ್ಲಿ ಇಬ್ಬರು ಹುಡುಗಿಯರು ಅರ್ಜಿ ತುಂಬುತ್ತಿದ್ದರು. ಇನ್ನೊಂದರಲ್ಲಿ ನಿವೃತ್ತ ಸುಬೇದಾರರಂತಿದ್ದವರೊಬ್ಬರು ಇಸ್ಪೀಟಾಡುತ್ತಿದ್ದರು. ಇಬ್ಬರು ಹುಡುಗಿಯರ ಮೇಲೂ ಅನುಮಾನ ಬಂತು, ಸುಬೇದಾರರ ಮೇಲೂ ಬಂತು. ಛತ್ರಿ ಅಲ್ಲೇ ಮರೆತು ಮನೆಗೆ ಬಂದೆ.

ತೊಯ್ದು ಬಂದ ನನ್ನ ಮುಖ ನೋಡಿ ಹೆಂಡತಿ ಬಿಡಲಿಲ್ಲ. ಎಲ್ಲವನ್ನೂ ಹೇಳಿದೆ. ಶನಿವಾರ ನಾನು ಎಲ್ಲಿಗೆ ಹೋಗುತ್ತಿದ್ದೆ ಎಂಬುದು ಅವಳಿಗೆ ಗೊತ್ತಾದದ್ದೇ ಅವತ್ತು.

"ನನಗ ಓವರ್‌ಟೈಮ್ ಅಂತ ಹೇಳಿ ಮಂಗಳ ಗ್ರಹ ನೋಡಾಕ ಹೋಗತಿದ್ರೇನ್ರಿ?" ಎಂದಳು. ಟವೆಲ್ಲು ತಂದು ನನ್ನ ಕೈಗಿಟ್ಟಳು. "ಹೋಗ್ಲಿ, ಅದು ಬ್ಯಾರೆ ಮಾತು. ಯಾರ ಏನಂತ ಗೊತ್ತಿಲ್ಲದವ್ರಿಗೆ ನಿಮ್ಮ ಕೈಯಾಗಿನ ಚಿತ್ರ ಯಾಕ ತೋರಸಬೇಕಿತ್ತು? ನಾಳೆ ಸಾಹೇಬ್ರ ಕಿವಿಗೆ ಬಿದ್ರ ಏನ್ ಗತಿ?"

"ಕಾರ್ಖಾನೆ ಚಿತ್ರ ಅಲ್ಲ ಅದು. ಬಾಗಲಾ ಅಷ್ಟ."

"ಬಾಗಲಾ ಅಂತ ನಿಮಗ ಗೊತ್ತದ. ಅವರು ನಂಬತಾರೇನು?"

ಮರುದಿನದಿಂದ ಗೇಟಿನಲ್ಲಿ ಕಾವಲಿನವನು ಡಬ್ಬಿ ನೋಡುವಾಗ ಇಂದು ಹೆಚ್ಚು ಹೊತ್ತು ನೋಡಿದ ಎನಿಸುತ್ತಿತ್ತು. ಕಾರ್ಖಾನೆಯ ಎದುರಿನ ಚಹಾ ಅಂಗಡಿಯಲ್ಲಿ ನೀಲಿ ಸ್ಕೂಟರಿನವನೊಬ್ಬ ಮೂರು ದಿನ ಸತತವಾಗಿ ಕಂಡ. ನಾಲ್ಕನೆಯ ದಿನ ಕಾಣಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಶನಿವಾರ ಹೋಗಿ ಕೂಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: ಬಿಳಿ ಕರಡಿ ಎಂಬವರು ಸದಸ್ಯರ ಊರು, ಉದ್ಯೋಗದ ಬೆನ್ನು ಹತ್ತುತ್ತಾರೆ, ಎಚ್ಚರದಿಂದಿರಿ. ಒಂದೇ ವಾರದಲ್ಲಿ ಕೂಟ ನಡೆಸುವವರು ಅವರನ್ನು ತೆಗೆದುಹಾಕಿದರು. ಅವರು ಒಂದು ಮಾತೂ ಎದುರಾಡಲಿಲ್ಲವಂತೆ. ತಪ್ಪು ಮಾಡದಿದ್ದರೆ ಯಾಕೆ ಸುಮ್ಮನಿರುತ್ತಾರೆ ಎಂದು ಅದನ್ನೂ ಅವರ ವಿರುದ್ಧವೇ ಹಿಡಿದೆ. ಕೂಟದ ನನ್ನ ಖಾಸಗಿ ಪತ್ರಪೆಟ್ಟಿಗೆಯಲ್ಲಿ ಅವರ ಹೆಸರಿನ ಇನ್ನೆರಡು ಪತ್ರಗಳು ಬಂದು ಕೂತಿದ್ದವು. ಒಂದರ ತಲೆಬರಹ 'ಬಾಗಿಲು'. ತೆರೆಯಲಿಲ್ಲ. ತೆರೆದರೆ ನಾನು ಎಲ್ಲಿದ್ದೇನೆಂದು ಅವರಿಗೆ ತಿಳಿಯುತ್ತದೆ ಎಂದು ಕೆಫೆಯ ಮಾಲೀಕ ಹೆದರಿಸಿದ್ದ. "ಕಾಕಾ, ಇಥೆ ಪೋಲೀಸ್ ನಕೋ," ಇಲ್ಲಿಗೆ ಪೊಲೀಸರು ಬರುವಂತೆ ಮಾಡಬೇಡಿ ಎಂದು ಕೈ ಮುಗಿದಿದ್ದ. ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ.

ಆ ಚಳಿಗಾಲದಲ್ಲಿ ಅಮೆರಿಕದ ಎರಡು ರೋವರ್ ಗಾಲಿಯಂತ್ರಗಳು ಒಂದರ ಹಿಂದೊಂದು ಮಂಗಳದ ಮೇಲಿಳಿದವು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ನಾನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ನೋಡುತ್ತಿದ್ದುದನ್ನು ಹೆಂಡತಿ ಎರಡು ದಿನ ಗಮನಿಸಿದಳು. ಮೂರನೆಯ ದಿನ ನಾವು ಪುಣೆಯ ಇನ್ನೊಂದು ತುದಿಯ ಬಿಬವೇವಾಡಿಯಲ್ಲಿದ್ದ ಅವಳ ತಂಗಿಯ ಮನೆಗೆ ಹೋಗಿದ್ದೆವು. ಮನೆಯ ಕೆಳಗೇ, ಗಿರಣಿಯ ಪಕ್ಕದಲ್ಲಿ ಒಂದು ಸೈಬರ್ ಕೆಫೆ.

"ನಡೀರಿ, ನಾನೂ ಬರತೇನಿ," ಎಂದಳು. "ಇಲ್ಲಿ ನಮ್ಮನ್ನ ಯಾರೂ ಅರಿಯೂದಿಲ್ಲ. ಆ ಮನಷ್ಯಾ ಏನ್ ಬರದಾನ ಒಮ್ಮೆ ನೋಡೇ ಬಿಡೂಣು. ನೋಡದನ ಹೆದರೂದ್ಯಾಕ?"

ಒಂದೇ ಕುರ್ಚಿಯಿತ್ತು. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬಾಗಿಲು ಎಂಬ ತಲೆಬರಹದ ಪತ್ರ ತೆರೆದೆ. ಓದುತ್ತ ಓದುತ್ತ ಅವಳಿಗೆ ಕನ್ನಡದಲ್ಲಿ ಹೇಳುತ್ತ ಹೋದೆ.

ಹಾಳೆಯ ಮೂಲೆಯಲ್ಲಿ ಖಡಕಿಯ ಅಂಗಡಿಯ ಮುದ್ರೆ ಹಿಂದಿನಿಂದ ಮಸುಕಾಗಿ ಮೂಡಿದೆ, ಮುಂದೆ ಚಿತ್ರ ಹಾಕುವಾಗ ಅದನ್ನು ಅಳಿಸಿ, ಎಂದು ಮೊದಲು ಬರೆದಿದ್ದರು. ಆಮೇಲೆ ಬಾಗಿಲಿನ ಮಾತು. ಮಂಗಳದಲ್ಲಿ ಹೊರಗೆ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಮನೆಯೊಳಗಿನ ಗಾಳಿ ಬಾಗಿಲನ್ನು ಹಗಲಿರುಳು ಹೊರಕ್ಕೆ ನೂಕುತ್ತಿರುತ್ತದೆ. ನಿಮ್ಮ ಬಾಗಿಲನ್ನು ಹಿಡಿದಿರುವುದು ನಾಲ್ಕು ಚಿಲಕ ಮಾತ್ರ. ಒಂದು ಸಡಿಲವಾದರೂ ಬಾಗಿಲು ಹಾರಿ ಒಳಗಿದ್ದವರೆಲ್ಲ ಸಾಯುತ್ತಾರೆ. ನಾನು ಬಾಯ್ಲರುಗಳ ನಡುವೆ ಬದುಕಿದವನು. ಬಾಯ್ಲರಿನೊಳಗೆ ಮನುಷ್ಯ ಇಳಿಯುವ ಕಿಂಡಿಗೆ ಮುಚ್ಚಳವನ್ನು ಒಳಗಿನಿಂದ ಕೂಡಿಸುತ್ತಾರೆ. ಆಗ ಒಳಗಿನ ಹಬೆಯೇ ಅದನ್ನು ಒತ್ತಿ ಭದ್ರವಾಗಿ ಹಿಡಿಯುತ್ತದೆ. ಇಷ್ಟು ಚೆಂದದ ಕೈಯಿರುವವರ ತಪ್ಪನ್ನು ಎಲ್ಲರೆದುರು ಎತ್ತಿ ತೋರಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಖಾಸಗಿಯಾಗಿ, ನಿಮ್ಮ ವಿಳಾಸ ಬಾರದ್ದರಿಂದ ಇಲ್ಲಿಗೇ ಬರೆದೆ.

ಎರಡನೆಯ ಪತ್ರ ಅವರನ್ನು ತೆಗೆದುಹಾಕಿದ ದಿನ ಬಂದದ್ದು. ನೀವು ಮಾಡಿದ್ದು ಸರಿ, ನಾನಾದರೂ ಇದನ್ನೇ ಮಾಡುತ್ತಿದ್ದೆ. ಬಾಗಿಲು ಮಾತ್ರ ತಿದ್ದಿ. ಅಷ್ಟೇ ಇತ್ತು.

ಹೆಂಡತಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಖರೇನ ಹಾರಿ ಹೋಗತಿತ್ತೇನ್ರಿ?" ಎಂದಳು.

"ಹೌದು, ಹೋಗತಿತ್ತು."

ಇಪ್ಪತ್ತು ವರ್ಷ ಮುಚ್ಚಳ ಬರೆದವನು ನಾನು. ಧೂಳು ಒಳಗೆ ಬಂದೀತೆಂದು ಅಷ್ಟು ಯೋಚಿಸಿದವನಿಗೆ ಒಳಗಿನ ಗಾಳಿಯ ನೆನಪೇ ಆಗಿರಲಿಲ್ಲ. ನಾಚಿಕೆಯಾಯಿತು. ತಪ್ಪು ಬರೆದದ್ದಕ್ಕೆ ಸ್ವಲ್ಪ, ಒಬ್ಬರಿಗೆ ಮಾಡಿದ ಅವಮಾನಕ್ಕೆ ಅದಕ್ಕಿಂತ ಹೆಚ್ಚು. ಹೊಸ ನಕ್ಷೆ ಬರೆದು, ತಿದ್ದಿದವರು ಬಿಳಿ ಕರಡಿ, ನನ್ನದೇ ತಪ್ಪಾಯಿತು, ಅವರನ್ನು ಮರಳಿ ಸೇರಿಸಿಕೊಳ್ಳಿ ಎಂದು ಕೂಟದಲ್ಲಿ ಬರೆದೆ. ಅಲ್ಲಿ ಬೇರೆಯೇ ಅನುಮಾನ ಎದ್ದಿತು. ಇವನೂ ಬಿಳಿ ಕರಡಿಯೂ ಒಬ್ಬನೇ ಮನುಷ್ಯ, ಎರಡು ಹೆಸರಿನಿಂದ ನಾಟಕ ಆಡುತ್ತಿದ್ದಾನೆ ಎಂದು ಯಂತ್ರಗಳೇ ಸಾಕು ಎನ್ನುವವರು ಬರೆದರು. ಒಂದು ತಿಂಗಳು ಜಗ್ಗಾಟವಾಗಿ ಕೊನೆಗೂ ಅವರನ್ನು ಸೇರಿಸಿಕೊಂಡರು.

ನಮ್ಮಿಬ್ಬರ ನಡುವೆ ಪತ್ರಗಳು ಓಡಾಡತೊಡಗಿದವು. ಎಲ್ಲ ಇಂಗ್ಲಿಷಿನಲ್ಲಿ. ನಾನು ನನ್ನ ಹೆಸರು ಹೇಳಲಿಲ್ಲ, ಅವರೂ ಹೇಳಲಿಲ್ಲ. ಮುಂದಿನ ವರ್ಷ ಒಂದು ದಿನ, ಕಣ್ಣು ತೋರಿಸಲು ಪುಣೆಗೆ ಬರುತ್ತಿದ್ದೇನೆ, ಮಧ್ಯಾಹ್ನ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಭೇಟಿಯಾಗಬಹುದೇ, ಎಂದು ಬರೆದರು. ಹಿಮದ ದೇಶದವರು ಕಣ್ಣು ತೋರಿಸಲು ಬಸ್ಸಿನಲ್ಲಿ ಪುಣೆಗೆ ಬರುವುದೇ? ಹಳೆಯ ಅನುಮಾನವೆಲ್ಲ ಒಮ್ಮೆಗೇ ಎದ್ದು ಕೂತಿತು. ಬಾಗಿಲಿನ ನೆಪದಿಂದ ಮೊದಲು ನಂಬಿಕೆ ಗಳಿಸಿ ಈಗ ಬಲೆ ಬೀಸಿದ್ದಾರೇನೋ ಎಂದೂ ಅನಿಸಿತು.

ಆದರೂ ಹೋದೆ. ಹೆಂಡತಿ ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ನಿಂತಳು. ಏನಾದರೂ ಹೆಚ್ಚುಕಡಿಮೆ ಕಂಡರೆ ಕೂಗಬೇಕೆಂದು ಮಾತಾಗಿತ್ತು. ಕೈಯಲ್ಲಿ ಸುರುಳಿ ಸುತ್ತಿದ ಹಾಳೆ ಹಿಡಿದಿರುತ್ತೇನೆ ಎಂದು ಅವರು ಬರೆದಿದ್ದರು. ಕೊಲ್ಹಾಪುರದ ಬಸ್ಸು ನಿಲ್ಲುವ ಕಟ್ಟೆಯ ಬಳಿ ಸುರುಳಿ ಹಿಡಿದು ನಿಂತಿದ್ದವರು ತೆಳ್ಳಗಿನ ಒಬ್ಬ ಹಿರಿಯರು. ಬಿಳಿ ಪೈಜಾಮ, ಬಿಳಿ ಟೋಪಿ, ದಪ್ಪ ಕನ್ನಡಕ. ನಾನು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದೆ. ಅವರು ಜೇಬಿನಿಂದ ಒಂದು ಹಳೆಯ ಗುರುತಿನ ಚೀಟಿ ತೆಗೆದು ಮುಂದೆ ಹಿಡಿದರು. ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಿಂದ ನಿವೃತ್ತರಾದವರು. ಊರು ಚಿಕ್ಕೋಡಿಯ ಕಡೆಯದು.

ಅಷ್ಟರಲ್ಲಿ ನಾನು ಚೀಟಿಯನ್ನೇ ನೋಡುತ್ತ ನಿಂತದ್ದು ಕಂಡು ಹೆದರಿದ ಹೆಂಡತಿ, "ಏನ್ರಿ, ಏನಾತ್ರಿ?" ಎಂದು ಕೂಗುತ್ತ ಬಂದಳು.

ಹಿರಿಯರು ಕನ್ನಡಕ ಸರಿಮಾಡಿಕೊಂಡರು. "ಎಲಾ ಇವರ! ಕನ್ನಡದಾವ್ರೇನ್ರಿ ನೀವು? ಎರಡ ವರ್ಸ ಇಂಗ್ಲಿಷ್ ಬರದು ಬರದು ನನ್ನ ಜೀವಾ ಹೋಗಿತ್ತಲ್ರಿ!"

"ಬಿಳಿ ಕರಡಿ ಅಂತ ಹೆಸರಿಟ್ರ ನಮಗ ಹ್ಯಾಂಗ ತಿಳೀಬೇಕ್ರಿ?" ಎಂದೆ.

"ನೀವು ಸೋಲಾಪುರದ ಮಾಸ್ತರ ಅಂತ ಹೇಳ್ಲಿಲ್ಲೇನು? ಹಂಗ ಇದು," ಎಂದವರು ಹಿಂದಕ್ಕೆ ತಿರುಗಿ ಕೈ ಬೀಸಿದರು. ಬಸ್ಸಿನ ವೇಳಾಪಟ್ಟಿಯ ಫಲಕದ ಕೆಳಗಿನಿಂದ ಗಟ್ಟಿಮುಟ್ಟಾದ ಒಬ್ಬರು ನಡೆದು ಬಂದರು. "ಇವರು ನಮ್ಮ ಅಳಿಯಂದಿರು. ಸುಳ್ಳ ಹೆಸರಿನ ಮನಷ್ಯಾ, ಮಿಲಿಟರಿ ಊರಾಗಿರತಾನ. ಒಬ್ಬನ ಹೆಂಗ ಬರಲಿ ಅಂತ ದೂರ ನಿಲ್ಲಿಸಿದ್ದೆ. ತಪ್ಪ ತಿಳೀಬ್ಯಾಡ್ರಿ."

ನಾಲ್ವರೂ ಒಳಗಿನ ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಅವರು ಸುರುಳಿ ಬಿಡಿಸಿದರು. ಮಂಗಳದಲ್ಲಿ ಅಡುಗೆಗೆ ನೀರು ಕುದಿಸುವ ಪಾತ್ರೆಯ ಒರಟು ಚಿತ್ರ ಅದು. ಗೆರೆಗಳು ವಕ್ರವಕ್ರವಾಗಿದ್ದವು. "ನನಗ ತಲ್ಯಾಗ ಅದ, ಕೈಯಾಗ ಇಲ್ಲ. ನೀವು ಚೊಕ್ಕ ಮಾಡಿ ಬರದು ಕೊಡ್ರಿ," ಎಂದರು. ಅದರ ಮುಚ್ಚಳದ ಬಗ್ಗೆ ಒಂದು ಗಂಟೆ ವಾದ ಮಾಡಿದೆವು. ಹೆಂಡತಿಯೂ ಅಳಿಯಂದಿರೂ ನಮ್ಮನ್ನು ಬಿಟ್ಟು ಜೋಳದ ಹಿಟ್ಟು ಪುಣೆಯಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಮಾತಾಡತೊಡಗಿದರು; ಪ್ರಶ್ನೆಯೆಲ್ಲ ಅಳಿಯಂದಿರದೇ.

ಬಸ್ಸು ಹತ್ತುವ ಮುಂಚೆ ಹಿರಿಯರು, "ಅಂದಂಗ, ಅಲ್ಲಿ ಕೆಲಸದಾಗ ನೀವು ಏನ್ ಬರೀತೀರಿ ಅಂತ ನಾ ಎಂದೂ ಕೇಳೂದಿಲ್ರಿ," ಎಂದರು. ನಾನು ತಲೆಯಾಡಿಸಿದೆ. ಬಸ್ಸು ಹೋದ ಮೇಲೆ ಹೆಂಡತಿ, "ಮನಷ್ಯಾ ಛಲೋ ಅದಾನ," ಎಂದಳು. ಎರಡು ಹೆಜ್ಜೆ ನಡೆದು, "ಆದ್ರೂ ಆ ಅಳಿಯಾ ಯಾಕ ಅಷ್ಟ ಪ್ರಶ್ನಿ ಕೇಳಿದಾ?" ಎಂದು ಸೇರಿಸಿದಳು.

ಪಾತ್ರೆಯ ನಕ್ಷೆಯನ್ನು ಮುಂದಿನ ಭಾನುವಾರವೇ ಚೊಕ್ಕ ಮಾಡಿ ಕಳಿಸಿದೆ. ಅವರು ಮೂರು ತಪ್ಪು ಹುಡುಕಿ ವಾಪಸು ಬರೆದರು, ಈ ಸಲ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ.