ಚೀಟಿಯಲ್ಲಿಲ್ಲದ ಮೂಳೆ

೧೯೪೩ರಲ್ಲಿ ನಾನು ಪುಣೆಗೆ ಹೊಂದಿಕೊಂಡ ಖಡಕಿಯಲ್ಲಿ, ಯುದ್ಧಕ್ಕೆಂದು ಅವಸರದಲ್ಲಿ ಎಬ್ಬಿಸಿದ್ದ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತಂತ್ರಜ್ಞನಾಗಿದ್ದೆ. ಧಾರವಾಡದಿಂದ ಬಂದವನು, ಹೊಸದಾಗಿ ಮದುವೆಯಾದವನು, ನೌಕರಿ ಹೋದೀತೆಂದು ಸದಾ ಹೆದರುತ್ತಿದ್ದವನು. ಡಾಕ್ಟರು ಚೀಟಿ ಬರೆದು ಕಳಿಸುತ್ತಿದ್ದರು. ಅದರಲ್ಲಿ ಯಾವ ಅಂಗದ ಹೆಸರಿದೆಯೋ ಅದರ ಚಿತ್ರ ಮಾತ್ರ ತೆಗೆಯಬೇಕು, ಫಿಲ್ಮ್ ಸಿಗುವುದು ಕಷ್ಟವಾದ್ದರಿಂದ ಒಬ್ಬನಿಗೆ ಒಂದೇ ಫಿಲ್ಮ್. ಈ ನಿಯಮವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಯಲ್ಲಪ್ಪ ಎಂಬ ಸಿಪಾಯಿ ಕುಂಟುತ್ತ ಬಂದ. ಗೋಕಾಕದ ಕಡೆಯವನು, ಸೇನೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ದಿನವೂ ಹೊರೆ ಹೊತ್ತು ಮೈಲಿಗಟ್ಟಲೆ ನಡೆಸುತ್ತಿದ್ದರು. ಬಲಪಾದದ ನೋವು ಶುರುವಾಗಿ ನಾಲ್ಕು ದಿನವಾಗಿತ್ತಂತೆ. ಅವನ ಚೀಟಿಯಲ್ಲಿ 'ಬಲ ಆ್ಯಂಕಲ್' ಎಂದಿತ್ತು. ಆ್ಯಂಕಲ್ ಎಂದರೆ ಕಣಕಾಲಿನ ಕೀಲು. ಮೊಣಕಾಲಿನಿಂದ ಕೆಳಗಿಳಿಯುವ ಟಿಬಿಯಾ, ಫಿಬುಲಾ ಎಂಬ ಎರಡು ಎಲುಬುಗಳು ಪಾದದ ಟೇಲಸ್ ಎಂಬ ಎಲುಬಿನ ಮೇಲೆ ಕೂರುವ ಜಾಗ. ನಾನು ಬೂಟು ಬಿಚ್ಚಿಸಿದೆ. ಕಣಕಾಲು ನೆಟ್ಟಗಿತ್ತು. ಬಾವು ಇದ್ದದ್ದು ಪಾದದ ಮುಂಭಾಗದ ಮೇಲೆ, ಬೆರಳುಗಳ ಬುಡಕ್ಕಿಂತ ಸ್ವಲ್ಪ ಹಿಂದೆ. ಅಲ್ಲಿರುವುದು ಮೆಟಾಟಾರ್ಸಲ್ ಎಂಬ ಐದು ಉದ್ದನೆಯ ಸಣ್ಣ ಎಲುಬುಗಳು.

ಯಲ್ಲಪ್ಪ ಅಲ್ಲೇ ಬೆರಳಿಟ್ಟು, "ಇಲ್ಲಿ ನೋಯಾಕತ್ತೈತ್ರಿ ರಾಯರ, ಹಿಂದಲ್ಲ," ಅಂದ.

"ಡಾಕ್ಟರ್ ಸಾಹೇಬ್ರು ನೋಡ್ಲಿಲ್ಲೇನು?"

"ಬೂಟು ಬಿಚ್ಚಸಲೇ ಇಲ್ರಿ. ಕೂತಲ್ಲಿಂದ ಕೋಲು ಚಾಚಿ ಕಣಕಾಲು ತೋರಿಸಿ ಇಲ್ಲೇನು ಅಂದ್ರು. ನಾ ಹೂಂ ಅಂದೆ."

ಬೆಳಗಿನ ಸಾಲಿನಲ್ಲಿ ಕಾಯಿಲೆಯೆಂದು ನಿಂತವರನ್ನು ನೋಡುವ ಪದ್ಧತಿ ಅದು. ಬೂಟು, ಕಾಲಿಗೆ ಸುತ್ತುವ ಪಟ್ಟಿ ಎಲ್ಲ ಬಿಗಿದುಕೊಂಡೇ ನಿಲ್ಲಬೇಕು. ಕಾಲು ನೋವು ಎಂದು ಬಂದವನ ಕಾಲನ್ನು ಯಾರೂ ಮುಟ್ಟುವುದಿಲ್ಲ! ಆ ಕ್ಯಾಪ್ಟನ್ ಡಾಕ್ಟರು ಗೋರಾ ಅಲ್ಲ, ನಮ್ಮ ದೇಶದವರೇ, ಓದಿಕೊಂಡವರೇ. ಸಿಪಾಯಿಯ ಬೆವರಿನ ಪಾದ ಮುಟ್ಟಲು ಅವರಿಗೆ ಹೇಸಿಗೆ. ನಾನೇನು ಕಡಿಮೆಯೆ? "ಚೀಟ್ಯಾಗ ಇದ್ದದ್ದು ತೆಗೀತೀನಿ, ಅಲ್ಲಾಡಬ್ಯಾಡ," ಎಂದು ಗದರಿಸಿ ಕಣಕಾಲಿನ ಚಿತ್ರ ತೆಗೆದೆ. ಮೆಟಾಟಾರ್ಸಲ್‌ಗಳು ಫಿಲ್ಮಿನ ಅಂಚಿನಾಚೆಯೇ ಉಳಿದವು. ಕಣಕಾಲಿನಲ್ಲಿ ಏನೂ ದೋಷ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಕ್ಯಾಪ್ಟನ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಾಗದದ ಮೇಲೆ 'ಮ್ಯಾಲಿಂಗರರ್' ಎಂದು ಬರೆದರು. ಕೆಲಸ ತಪ್ಪಿಸಲು ಕಾಯಿಲೆಯ ಸೋಗು ಹಾಕುವವನು ಎಂದರ್ಥ.

ಸೇನೆಯಲ್ಲಿ ಆ ಮಾತಿಗೆ ಶಿಕ್ಷೆಯಿದೆ. ಮರುದಿನ ಕವಾಯತು ಮಾಡಿಸುವ ಹವಾಲ್ದಾರ ಇಡೀ ಕಂಪನಿಯ ಎದುರು ಯಲ್ಲಪ್ಪನನ್ನು ಸುಳ್ಳುಗಾರನೆಂದು ಕರೆದು ಪಿಟ್ಠು ಕೊಟ್ಟ. ಬೆನ್ನಿಗೆ ತುಂಬಿದ ಚೀಲ ಕಟ್ಟಿ ಬಿಸಿಲಲ್ಲಿ ಓಡಿಸುವುದಕ್ಕೆ ಪಿಟ್ಠು ಎನ್ನುತ್ತಾರೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ನಾನು ಸೈಕಲ್ಲಿನಲ್ಲಿ ಮೈದಾನದ ಪಕ್ಕ ಹಾಯುವಾಗ ಅವನು ಕಣ್ಣಿಗೆ ಬಿದ್ದ. ಹವಾಲ್ದಾರ ಬೆನ್ನು ತಿರುಗಿಸಿ ನಿಂತಿದ್ದ. ಸೋಗು ಹಾಕುವವನು ನೋಡುವವರಿದ್ದಾಗ ಕುಂಟುತ್ತಾನೆ, ಇವನು ಯಾರೂ ನೋಡದಿದ್ದಾಗಲೂ ಪಾದದ ಮುಂಭಾಗ ನೆಲಕ್ಕೆ ತಾಗಿಸದೆ ಬರೀ ಹಿಮ್ಮಡಿಯ ಮೇಲೆ ನಡೆಯುತ್ತಿದ್ದ. ನಾನು ಸೈಕಲ್ಲನ್ನು ಆಸ್ಪತ್ರೆಯ ಕಡೆ ತಿರುಗಿಸಿದೆ.

ಪಾದದ ಚಿತ್ರಕ್ಕೆ ಹೊಸ ಚೀಟಿ ಬೇಕೆಂದು ಕ್ಯಾಪ್ಟನ್ನರನ್ನು ಕೇಳಿದೆ. "ಸುಳ್ಳುಗಾರನಿಗೆ ಎರಡನೇ ಫಿಲ್ಮೇ? ನಿನ್ನ ಕೆಲಸ ನೋಡಿಕೋ," ಎಂದರು. ನನ್ನ ಕೆಲಸ ಅದೇ ಆಗಿತ್ತು. ಹವಾಲ್ದಾರನ ಬಳಿ ಹೋಗಿ, ಆಸ್ಪತ್ರೆಯವರು ಯಲ್ಲಪ್ಪನನ್ನು ಕರೆದಿದ್ದಾರೆ ಎಂದು ಮರಾಠಿಯಲ್ಲಿ ಹಸಿಹಸಿ ಸುಳ್ಳು ಹೇಳಿದೆ. ಅವನು ಕಳಿಸಿದ. ಬೂಟು ಬಿಚ್ಚುವಾಗ ಯಲ್ಲಪ್ಪ ಹಲ್ಲು ಕಚ್ಚಿ ಕಣ್ಣೀರಿಟ್ಟ. ಚೀಟಿಯಿಲ್ಲದೆ ಫಿಲ್ಮ್ ಇಟ್ಟೆ, ತೊಳೆದು ದೀಪಕ್ಕೆ ಹಿಡಿದೆ. ಎರಡನೇ ಮತ್ತು ಮೂರನೇ ಮೆಟಾಟಾರ್ಸಲ್ ಎರಡೂ ಮುರಿದಿದ್ದವು. ಎರಡನೆಯದರ ತುದಿ ಜಾರಿ ಕೆಳಗೆ ಬಾಗಿತ್ತು. ಇದನ್ನು ಮಾರ್ಚ್ ಫ್ರ್ಯಾಕ್ಚರ್ ಎನ್ನುತ್ತಾರೆ. ಅತಿಯಾಗಿ ನಡೆಸಿದರೆ ಪೆಟ್ಟೇ ಬೀಳದೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ವಿಶ್ರಾಂತಿ ಕೊಟ್ಟರೆ ತಾನಾಗಿ ಕೂಡುತ್ತದೆ. ಇವರು ವಿಶ್ರಾಂತಿಯ ಬದಲು ಹೊರೆ ಹೊರಿಸಿ ಓಡಿಸಿದ್ದರು.

ನೀರು ತೊಟ್ಟಿಕ್ಕುತ್ತಿದ್ದ ಫಿಲ್ಮನ್ನೇ ಹಿಡಿದು ಕ್ಯಾಪ್ಟನ್ನರ ಮೇಜಿನ ಮುಂದೆ ನಿಂತೆ. ಅವರು ಬಹಳ ಹೊತ್ತು ನೋಡಿದರು. ಮುರಿದ ಮೂಳೆ ಕಂಡ ಮನುಷ್ಯ ಮೊದಲು ಏನು ಕೇಳಬೇಕು?

"ಚೀಟಿ ಕೊಟ್ಟವರು ಯಾರು?" ಎಂದು ಕೇಳಿದರು.

ನನಗೆ ಎಚ್ಚರಿಕೆಯ ಪತ್ರ ಬಂತು, ಯಲ್ಲಪ್ಪನಿಗೆ ಪ್ಲಾಸ್ಟರ್. ವಾರ್ಡಿಗೆ ಹೋದಾಗ ಅವನು ಕೇಳಿದ್ದು ಒಂದೇ. "ಎಲ್ಲಾರ ಮುಂದ ಸುಳ್ಳ ಅಂದಾರ್ರಿ. ಸುಳ್ಳಲ್ಲ ಅಂತ ಎಲ್ಲಾರ ಮುಂದ ಹೇಳಸ್ರಿ." ಕ್ಯಾಪ್ಟನ್ ಒಪ್ಪಲಿಲ್ಲ, ಕಾಗದ ತಿದ್ದಿದ್ದೇವೆ ಸಾಕು ಎಂದರು. ತಿದ್ದಿದ್ದೆಂದರೆ ಹಳೆಯ ಪದವನ್ನು ಹಾಗೆಯೇ ಬಿಟ್ಟು ಅದರ ಕೆಳಗೆ ಹೊಸದೊಂದು ಸಾಲು ಸೇರಿಸಿದ್ದು. ನಾನೇ ಹವಾಲ್ದಾರನನ್ನು ಕರೆತಂದು ಫಿಲ್ಮ್ ತೋರಿಸಿದೆ. ಅಕ್ಷರ ಬಾರದ ಮನುಷ್ಯ, ಕಿಟಕಿಗೆ ಹಿಡಿದು ನೋಡಿದ, ಮಂಚದ ಬಳಿ ನಿಂತು ವಾರ್ಡಿಗೆಲ್ಲ ಕೇಳುವ ಹಾಗೆ "ಮಾಝಂ ಚುಕಲಂ, ಯಲ್ಲಪ್ಪಾ" ಎಂದ. ತಪ್ಪು ನನ್ನದು ಅಂದ. ಅಷ್ಟು ಹೇಳಲು ಅವನಿಗೆ ಯಾವ ಡಿಗ್ರಿಯೂ ಬೇಕಾಗಲಿಲ್ಲ.

ಮೂಳೆ ಸೊಟ್ಟಗೆ ಕೂಡಿತು. ಸೇನೆಗೆ ಅಯೋಗ್ಯನೆಂದು ಅವನನ್ನು ಊರಿಗೆ ಕಳಿಸಿದರು. ನಾನು ಪುಣೆ ಸ್ಟೇಷನ್ನಿನವರೆಗೆ ಟಾಂಗಾದಲ್ಲಿ ಜೊತೆಗೆ ಹೋದೆ. ರೈಲು ಹತ್ತುವ ಮುಂಚೆ ಅವನು ಸಿಟ್ಟಿಲ್ಲದೆ, ದಾರಿ ಕೇಳುವವನ ಹಾಗೆ ಕೇಳಿದ.

"ಮೊದಲನೇ ದಿನಾನ ಬಾವು ನೋಡಿದ್ರಲ್ರಿ ರಾಯರ?"

"ನೋಡಿದ್ದೆ."

"ಮತ್ತ ಯಾಕ ಅನ್ಲಿಲ್ರಿ?"

ನಾನು ಡಬ್ಬಿ ಹತ್ತಿ ಅವನ ಚೀಲ ಮೇಲಿಟ್ಟು ಕೆಳಗಿಳಿದೆ.

ಆಮೇಲಿನ ನೌಕರಿಯಲ್ಲಿ ಚೀಟಿ ಓದುವ ಮೊದಲು ರೋಗಿಯ ಬೆರಳು ಎಲ್ಲಿದೆ ಎಂದು ನೋಡುವುದನ್ನು ಕಲಿತೆ. ಎರಡೂ ಬೇರೆಯಾದರೆ ಚೀಟಿಯನ್ನು ಹಿಂದಕ್ಕೆ ಕಳಿಸಿದೆ, ಜಗಳಗಂಟ ಎಂಬ ಹೆಸರೂ ಬಂತು. ಬರಲಿ. ಕ್ಯಾಪ್ಟನ್ನರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಅವರು ನೋಡಿರಲೇ ಇಲ್ಲ. ನೋಡಿಯೂ ಬಾಯಿ ಮುಚ್ಚಿಕೊಂಡವನು ನಾನು.