ಆಗಿದ್ದನ್ನ ಆದಂಗೇ ಹೇಳಿ

ಅವರ ಎಡಗಿವಿಯ ಅಂಚಿನಲ್ಲಿ ಅವರೆಕಾಳಿನಷ್ಟು ದೊಡ್ಡ ಸುಟ್ಟ ಕಲೆಯಿತ್ತು. ಬೆಸುಗೆ ಹಾಕುವ ಕಾದ ಕಡ್ಡಿ ಕೈಯಲ್ಲಿರುವುದನ್ನೇ ಮರೆತು, ಯಾರದೋ ಲ್ಯಾಪ್‌ಟಾಪನ್ನು ಎತ್ತಿ ಕಿವಿಗಿಟ್ಟುಕೊಳ್ಳಲು ಹೋಗಿ ಆದದ್ದಂತೆ. "ಓಲೆ ಇಕ್ಕೊಳ್ಳೋಕೆ ಪುರುಸೊತ್ತಿರಲಿಲ್ಲ ಯಜಮಾನ್ರೇ, ಅದಕ್ಕೇ ಇದೊಂದು ಇಕ್ಕೊಂಡೆ" ಎಂದು ನಗುತ್ತಿದ್ದರು.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಒಂದು ಕಡೆ ಹೂವಿನಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನು. ನಡುವಿನ ಆ ಸಂದಿನಲ್ಲಿ ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕು. ವಯಸ್ಸು ನಲವತ್ತೂ ಆಗಿರಲಿಲ್ಲ. ಆದರೂ ನಮ್ಮ ಹಂದನಕೆರೆ ಕಡೆಯಿಂದ ಹೋಗುವವರೆಲ್ಲ ಅವರನ್ನು ರಿಪೇರಿ ಅಮ್ಮ ಎಂದೇ ಕರೆಯುತ್ತಿದ್ದೆವು. ಮೊಬೈಲು, ಲ್ಯಾಪ್‌ಟಾಪು, ತೋಟದ ಮೋಟಾರನ್ನು ಫೋನಿನಿಂದ ಹಾಕುವ ಸ್ಟಾರ್ಟರು, ಏನು ಕೊಟ್ಟರೂ ನೋಡುತ್ತಿದ್ದರು. ನೋಡುವುದಕ್ಕಿಂತ ಮೊದಲು ಕೇಳುತ್ತಿದ್ದರು ಎನ್ನಬೇಕು. ಯಂತ್ರವನ್ನು ಮೆಲ್ಲಗೆ ಅಲ್ಲಾಡಿಸಿ ಕಿವಿಗೆ ಹಿಡಿಯುವುದು ಅವರ ಮೊದಲ ಕೆಲಸ. ಅಟ್ಟದ ಮೇಲೆ ವರ್ಷವಿಟ್ಟ ಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನಾವು ಅಲ್ಲಾಡಿಸಿ ನೋಡುತ್ತೇವಲ್ಲ, ಥೇಟ್ ಹಾಗೆ. ಅವರಪ್ಪ ಊರೂರು ಸುತ್ತಿ ಅಟ್ಟದ ಕೊಬ್ಬರಿ ಸುಲಿಯುತ್ತಿದ್ದವನು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಎರಡನೆಯ ಕೆಲಸ, ಪ್ರಶ್ನೆ. "ಏನಾಯ್ತು? ಆಗಿದ್ದನ್ನ ಆದಂಗೇ ಹೇಳಿ, ಆಮೇಲೆ ಬಿಚ್ತೀನಿ." ಇದನ್ನು ಹೇಳದೆ ಅವರು ಒಂದು ಸ್ಕ್ರೂ ಕೂಡ ಮುಟ್ಟಿದ್ದನ್ನು ನಾನು ಕಂಡಿಲ್ಲ. ಉದ್ದನೆಯ ರಟ್ಟಿನ ನೋಟ್ ಪುಸ್ತಕವೊಂದಿತ್ತು. ತಂದವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಅದರಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಖಾಲಿ ಬಿಡುತ್ತಿದ್ದರು. ಯಾಕೆ ಬಿಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಕೆಲವ್ರಿಗೆ ಮನೆಗೋದ್ಮೇಲೆ ನೆಪ್ಪಾಯ್ತದೆ" ಎಂದಿದ್ದರು.

ಒಂದು ಸಲ ನನ್ನ ಎದುರಿಗೇ ಒಬ್ಬಾತ ಲ್ಯಾಪ್‌ಟಾಪ್ ತಂದು, ಏನೂ ಆಗಿಲ್ಲ, ಇದ್ದಕ್ಕಿದ್ದ ಹಾಗೆ ನಿಂತುಹೋಯಿತು ಎಂದು ಸಾಧಿಸುತ್ತಿದ್ದ. ರಿಪೇರಿ ಅಮ್ಮ ಕೀಲಿಗಳ ಹತ್ತಿರ ಮೂಗು ಒಯ್ದು, "ಏನೂ ಆಗ್ದೆ ಹುರುಳಿ ಬಸ್ಸಾರಿನ ಒಗ್ಗರಣೆ ವಾಸ್ನೆ ಹೆಂಗಪ್ಪಾ ಬತ್ತದೆ?" ಅಂದರು. ಅವನೂ ನಕ್ಕ, ನಾನೂ ನಕ್ಕೆ. ಅವತ್ತು ನಕ್ಕವನು ನಾನೇ ಎಂಬುದು ಈಗ ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಅಂಗಳಕ್ಕೆ ಹೋಗಿ ಬರುತ್ತೇನೆ.

ನನಗೀಗ ಎಪ್ಪತ್ತೆರಡು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು. ಮನೆಗೆ ಬಂದ ಸೊಸೆ ಬಿ.ಎಡ್. ಓದುತ್ತಿದ್ದಳು. ತವರಿನಿಂದ ಬರುವಾಗ ಲ್ಯಾಪ್‌ಟಾಪ್ ತಂದಿದ್ದಳು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಡುಮನೆಯ ಕಂಬಕ್ಕೊರಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನನ್ನ ಮಗನಿಗೆ ಅದು ಸಂತೋಷ, ನನ್ನ ಹೆಂಡತಿಗೂ ಸಂತೋಷ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಊರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು, ಪತ್ರ ಓದಿಸಿಕೊಳ್ಳಲು ಬರುತ್ತಿದ್ದರು. ಈಗ ಚಪ್ಪಲಿ ಬಿಟ್ಟು ಒಳಗೆ ಬಂದವರು ನನ್ನನ್ನು ದಾಟಿ ಅವಳ ಮುಂದೆ ಕೂರುತ್ತಿದ್ದರು. ಆ ಪೆಟ್ಟಿಗೆ ತೆರೆದಾಗಲೆಲ್ಲ ನಾನು ಅಕ್ಷರವೇ ಕಲಿಯದವನಾಗಿ ಬಿಡುತ್ತಿದ್ದೆ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ತಪ್ಪು ಮಾಡಿದೆ.

ಅವಳು ಪಾಠದ ವರದಿಯೊಂದನ್ನು ಕಾಲೇಜಿಗೆ ಒಪ್ಪಿಸಬೇಕಿತ್ತು. ಇನ್ನು ಐದು ದಿನ ಉಳಿದಿದೆ ಎನ್ನುವಾಗ ಲ್ಯಾಪ್‌ಟಾಪನ್ನು ಇಲ್ಲೇ ಬಿಟ್ಟು ತವರಿಗೆ ಹೋಗಿ ಎರಡು ದಿನವಿದ್ದು ಬಂದಳು. ಆ ಎರಡು ದಿನದಲ್ಲಿ ನಾನು ಲ್ಯಾಪ್‌ಟಾಪನ್ನು ಗೋಣಿಚೀಲದಲ್ಲಿ ಸುತ್ತಿ, ಏಣಿ ಹಾಕಿ, ಅಟ್ಟದ ಮೇಲೆ ಕಾಯಿಗಳ ನಡುವೆ ಹೂತಿಟ್ಟೆ. ಕೊನೆಯ ದಿನ ಕಳೆಯಲಿ, ಆಮೇಲೆ ಇಳಿಸಿದರಾಯಿತು ಎಂದುಕೊಂಡಿದ್ದೆ. ಅವಳು ವಾಪಸು ಬಂದು ಮನೆಯೆಲ್ಲ ಹುಡುಕಿ, ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು. ನೋಡಲಾಗಲಿಲ್ಲ. ಮಾರನೆಯ ದಿನ ಅವಳು ಹಾಲು ಹಾಕಲು ಡೈರಿಗೆ ಹೋದಾಗ ಇಳಿಸಿ, ಬೀರುವಿನಲ್ಲಿ ಸೀರೆಗಳ ಹಿಂದಿಟ್ಟೆ. ಗೋಣಿ ಒದ್ದೆಯಾಗಿತ್ತು. ಕೆಟ್ಟ ಕಾಯಿಯೊಂದು ಬಿರುಕು ಬಿಟ್ಟು ಅದರ ಹುಳಿನೀರು ಸೋರಿತ್ತು. ಪಂಚೆಯಲ್ಲಿ ಒರೆಸಿದೆ. ಹೊರಮೈ ಒಣಗಿತು.

ಬೀರುವಿನಲ್ಲಿ ಅದು ಸಿಕ್ಕಾಗ, ತಾನೇ ಸರಿಯಾಗಿ ಹುಡುಕಿರಲಿಲ್ಲವೆಂದುಕೊಂಡಳು. ಗುಂಡಿ ಒತ್ತಿದರೆ ಅಂಚಿನ ಸಣ್ಣ ದೀಪ ಹತ್ತಿ, ಒಳಗಿನ ಫ್ಯಾನು ಅರ್ಧ ಸುತ್ತು ಸುತ್ತಿ, ಎಲ್ಲ ಆರಿಹೋಗುತ್ತಿತ್ತು. "ಯಾರಾದ್ರೂ ಮುಟ್ಟಿದ್ರಾ ಮಾವ?" ಎಂದು ಕೇಳಿದಳು. ಹಿಂದಿನ ತಿಂಗಳು ಅದರ ಫ್ಯಾನಿನ ಧೂಳು ತೆಗೆಸಲು ರಿಪೇರಿ ಅಮ್ಮನಲ್ಲಿಗೆ ಹೋಗಿದ್ದೆವು. ಆ ನೆನಪು ನನ್ನ ಬಾಯಿಗೆ ಸರಕ್ಕನೆ ಬಂತು. "ಅವಳೇ ಕಣಮ್ಮ ಏನೋ ಮಾಡವ್ಳೆ. ಒಳಗಿನ ಸಾಮಾನು ಬದಲಾಯ್ಸಿರ್ತಾಳೆ, ನಡಿ ಕೇಳಾನ" ಎಂದೆ.

ಅಂಗಡಿಯಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಮತ್ತು ಇಬ್ಬರು ಹುಡುಗಿಯರಿದ್ದರು. ಅವರ ಮುಂದೆಯೇ ಗಂಟಲು ಏರಿಸಿದೆ. ಅದುವರೆಗೆ ನೀವು ಎನ್ನುತ್ತಿದ್ದವನು ಅವತ್ತು ನೀನು ಎಂದೆ. "ನೀನು ಬಿಚ್ಚಿದ್ಮೇಲೇ ಇದು ಕೆಟ್ಟಿದ್ದು. ಏನು ತೆಗ್ದಿಟ್ಕೊಂಡೆ ಹೇಳು!"

"ಬೈಯೋದು ಆಮೇಲೆ ಬೈಯೀರಂತೆ ಯಜಮಾನ್ರೇ. ಮೊದ್ಲು ಏನಾಯ್ತು ಹೇಳಿ. ಬಿತ್ತಾ?"

"ಇಲ್ಲ."

"ನೀರು ಗೀರು?"

"ಇಲ್ಲ ಅಂದ್ನಲ್ಲ."

"ಎಲ್ಲಿಟ್ಟಿದ್ರಿ?"

"ಬೀರುನಲ್ಲಿ. ಇನ್ನೆಲ್ಲಿಡ್ತಾರೆ? ಏನೂ ಆಗಿಲ್ಲ ಕಣಮ್ಮ ಅದಕ್ಕೆ!"

ಅವರು ಪುಸ್ತಕ ತೆಗೆದು ನನ್ನ ಹೆಸರು ಬರೆದು, ಕೆಳಗೆ ಏನೋ ಬರೆದುಕೊಂಡರು. ಆಮೇಲೆ ಕೆಲಸಕ್ಕೆ ಕೂತರು. ಅವರದೇ ಚಾರ್ಜರ್ ಹಾಕಿ ನೋಡಿದರು. ಬ್ಯಾಟರಿ ಬಿಚ್ಚಿ, "ಒಳಗೆ ಉಳಿದಿರೋ ಕರೆಂಟು ಇಳೀಲಿ" ಎಂದು ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರು. ಪರದೆಗೆ ಟಾರ್ಚು ಬಿಟ್ಟು, ಒಳಗೆ ಮಸುಕಾಗಿಯಾದರೂ ಚಿತ್ರ ಮೂಡುತ್ತದೆಯೇ ಎಂದು ಓರೆಯಾಗಿ ನೋಡಿದರು. ಅಡಿಯ ಪುಟ್ಟ ಬಾಗಿಲು ಬಿಚ್ಚಿ ಮೆಮೊರಿಯ ಪಟ್ಟಿಯನ್ನು ತೆಗೆದು ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಪ್ರತಿಸಲವೂ ಗುಂಡಿ ಒತ್ತುವಾಗ ಸೊಸೆ ಉಸಿರು ಬಿಗಿಹಿಡಿಯುತ್ತಿದ್ದಳು. ಪ್ರತಿಸಲವೂ ಅದೇ ಅರ್ಧ ಸುತ್ತು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತಿದ್ದೆ.

ಕಡೆಗೆ ಅವರು ಹಿಂದಿನ ಇಡೀ ಮುಚ್ಚಳ ಬಿಚ್ಚಿದರು. ಕಿವಿಗೆ ಹಿಡಿಯಲಿಲ್ಲ, ಮೂಗಿಗೆ ಹಿಡಿದರು. ಮುಚ್ಚಳವನ್ನು ತಮ್ಮ ಕಡೆಗೆ ವಾಲಿಸಿಕೊಂಡು ಸೊಸೆಗೆ ಹೇಳಿದರು: "ಅಮ್ಮಣ್ಣಿ, ಆ ಮೂಲೇಲಿ ಮೂರು ಟೀ ಹೇಳ್ಬುಟ್ಟು ಬಾರವ್ವ." ಅಷ್ಟರಲ್ಲಿ ಮೇಷ್ಟ್ರು ಮತ್ತು ಹುಡುಗಿಯರು ಹೊರಟುಹೋಗಿದ್ದರು. ಸೊಸೆಯೂ ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಯಾವ ಅಟ್ಟ ಯಜಮಾನ್ರೇ?"

ನಾನು ಬಗ್ಗಿ ನೋಡಿದೆ. ಬೋರ್ಡಿನ ಮೇಲೆ ಬೆಳ್ಳಗೆ ಏನೋ ಗಟ್ಟಿಕಟ್ಟಿತ್ತು, ಅದರಲ್ಲಿ ನಾಲ್ಕೈದು ಇರುವೆ ಸತ್ತು ಅಂಟಿಕೊಂಡಿದ್ದವು.

"ನಮ್ಮಪ್ಪ ನಿಮ್ಮ ಕಡೇನೇ ಕೊಬ್ರಿ ಸುಲ್ದೋನು. ನಾನೂ ಜತೇಲಿ ಅಟ್ಟ ಹತ್ತಿ ಕಾಯಿ ಅಲ್ಲಾಡ್ಸಿ ಆರಿಸ್ದೋಳು. ಕೆಟ್ಟ ಕಾಯಿ ನೀರಿನ ವಾಸ್ನೆ ನಂಗೆ ತಪ್ಪಾಕಿಲ್ಲ. ಇದು ತಾನಾಗೇ ಏಣಿ ಹತ್ತಿಲ್ವಲ್ಲ." ಗಲ್ಲಿಯ ಕಡೆ ನೋಡಿ ಅಂದರು: "ನಾನು ಹೇಳಿದ್ರೆ ಆ ಹುಡುಗಿ ನಾಳೆಯಿಂದ ನಿಮ್ಮ ಮನೇಲಿ ಹೆಂಗೆ ಉಣ್ತಾಳೆ? ನೀವೇ ಹೇಳಿ. ನಾನು ಕಾಯ್ತೀನಿ."

ಸೊಸೆ ಬಂದಳು. ಬೋರ್ಡು ಹೋಗಿದೆ, ಆದರೆ ಬರೆದದ್ದೆಲ್ಲ ಡಿಸ್ಕಿನಲ್ಲಿ ಉಳಿದಿದೆ ಎಂದು ರಿಪೇರಿ ಅಮ್ಮ ಅವಳಿಗೆ ಹೇಳಿ, ತಮ್ಮ ಕಂಪ್ಯೂಟರಿಗೆ ಹಾಕಿ ಎಲ್ಲವನ್ನೂ ಪೆನ್‌ಡ್ರೈವಿಗೆ ತೆಗೆದುಕೊಟ್ಟರು. ಸೊಸೆ ಕಣ್ಣೊರೆಸಿಕೊಂಡು ಕೇಳಿದಳು: "ಬೋರ್ಡು ಯಾಕೆ ಹೋಯ್ತು ಅಕ್ಕ?"

ಅವರು ನನ್ನ ಕಡೆ ನೋಡಿದರು. ಅವರು ಹೇಳಿಸಿದ್ದ ಟೀ ಲೋಟ ನನ್ನ ಕೈಯಲ್ಲಿತ್ತು. ಅಟ್ಟದ ಮೇಲೆ ಬಚ್ಚಿಟ್ಟದ್ದು ಹೊಟ್ಟೆಕಿಚ್ಚು, ಅದಕ್ಕೆ ಏನಾದರೂ ಸಮಾಧಾನ ಹೇಳಿಕೊಂಡೇನು. ಆಗ ಆಡಿದ ಮಾತಿಗೆ ಸಮಾಧಾನವಿಲ್ಲ. "ಯಾಕೆ ಅಂತ ಅವ್ಳೆಂಗೆ ಹೇಳ್ತಾಳೆ? ಅವ್ಳೇ ಮಾಡಿರೋದಲ್ವಾ" ಎಂದೆ.

ಸೊಸೆಯ ಮುಖ ಬದಲಾಯಿತು. ಪೆನ್‌ಡ್ರೈವ್ ತೆಗೆದುಕೊಂಡವಳು ತಿರುಗಿ ನೋಡದೆ ಹೊರಟಳು. ರಿಪೇರಿ ಅಮ್ಮ ನನಗೆ, "ಹುಷಾರಾಗಿ ಹೋಗ್ಬನ್ನಿ" ಎಂದಷ್ಟೇ ಅಂದರು.

ಆಮೇಲೆ ಆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. ಸೊಸೆ ಕಾಲೇಜಿನಲ್ಲಿ ಹೇಳಿದಳು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಯಾರಾದರೂ ಕೇಳಿದರೆ ನಾನೂ ಹೌದೆನ್ನುತ್ತಿದ್ದೆ. ಒಮ್ಮೆ ಹೇಳಿದ ಮೇಲೆ ಇಲ್ಲವೆನ್ನಲು ಬರುವುದಿಲ್ಲವಲ್ಲ. ರಿಪೇರಿಗೆ ಕೊಟ್ಟವರು ಒಳಗಿನ ಸಾಮಾನನ್ನು ನೋಡಲಾರರು. ಆ ಕಸುಬಿಗೆ ನಂಬಿಕೆಯೊಂದೇ ಆಧಾರ, ನಾನು ಅದಕ್ಕೇ ಕೈ ಹಾಕಿದ್ದೆ.

ಎರಡು ವರ್ಷ ತಿಪಟೂರಿಗೆ ಹೋಗಿ ಹೋಗಿ ಬಂದೆ. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಬಸ್ಸು ಹತ್ತುವುದು, ಗಲ್ಲಿಯವರೆಗೆ ಬಂದು ಪಕ್ಕದಂಗಡಿಯಲ್ಲಿ ಒಂದು ಮೊಳ ಹೂವು ಕೊಂಡು ಹಿಂತಿರುಗುವುದು. ಹೂ ಕೊಳ್ಳುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದೆ. ಗಿರಾಕಿಗಳ ಸ್ಟೂಲು ಬಹಳ ಸಲ ಖಾಲಿ ಇರುತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ, "ಯಾವ್ಳಿಗೆ ತಗೊಂಡು ಮಿಕ್ಕಿದ್ದು ನಂಗೆ ತತ್ತೀರಿ?" ಎಂದು ಹಾಸ್ಯ ಮಾಡುತ್ತ ಮುಡಿದುಕೊಳ್ಳುತ್ತಿದ್ದಳು. ನನಗೆ ಆ ಹೂವಿನ ಕಡೆ ನೋಡಲಾಗುತ್ತಿರಲಿಲ್ಲ.

ಒಮ್ಮೆ ಅವರೇ ಒಳಗಿನಿಂದ ಕಂಡು, "ಬನ್ನಿ ಯಜಮಾನ್ರೇ, ಕೂತ್ಕಳಿ" ಎಂದು ಕರೆದರು. ದನಿಯಲ್ಲಿ ಕೊಂಕಿರಲಿಲ್ಲ. "ಬಸ್ಸು ಹೊರಡ್ತದೆ" ಎಂದು ಓಡುನಡಿಗೆಯಲ್ಲಿ ಬಂದುಬಿಟ್ಟೆ. ನಿಲ್ದಾಣದಲ್ಲಿ ಆ ಬಸ್ಸು ಇನ್ನೂ ಒಂದು ಗಂಟೆ ನಿಂತಿತ್ತು. ಆ ಒಂದು ಗಂಟೆ ನಾನು ಅದರೊಳಗೆ ಕೂತಿದ್ದೆ. ಅದಾದ ಮೇಲೆ ಐದಾರು ತಿಂಗಳು ಆ ಗಲ್ಲಿಯ ಕಡೆ ತಲೆಯೇ ಹಾಕಲಿಲ್ಲ.

ಸೊಸೆಗೆ ತುರುವೇಕೆರೆಯ ಶಾಲೆಯೊಂದರಲ್ಲಿ ಕೆಲಸವಾಯಿತು. ಮೊನ್ನೆ ದೀಪಾವಳಿಯ ರಜೆಯಲ್ಲಿ ಅವಳು ಜೊತೆಯ ಟೀಚರೊಬ್ಬರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಅಲ್ಲಿಗೆ ಮಾತ್ರ ಕೊಡ್ಬೇಡಿ ಕಣ್ರೀ. ಒಳಗಿನ ಪಾರ್ಟು ಎಗರಿಸ್ತಾರೆ. ನಮ್ಮ ಮಾವನೇ ಕಣ್ಣಾರೆ ಕಂಡಿದ್ದಾರೆ" ಎಂದಳು. ನಾನು ಎಲೆಯ ಮುಂದೆ ಕೂತಿದ್ದೆ. ಅರ್ಧಕ್ಕೇ ಎದ್ದೆ. ಕೈ ತೊಳೆದು ಬಂದು, ಅವಳೂ ನನ್ನ ಹೆಂಡತಿಯೂ ಕೇಳುವ ಹಾಗೆ, ಗೋಣಿಚೀಲದಿಂದ ಹಿಡಿದು ಟೀ ಲೋಟದವರೆಗೆ ಎಲ್ಲ ಹೇಳಿದೆ.

ಸೊಸೆ ಫೋನನ್ನು ನೆಲದ ಮೇಲೆ ಮಗುಚಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಹೇಳಿದಳು: "ನನಗೆ ಮಾಡಿದ್ದು ಹಂಗಿರ್ಲಿ ಮಾವ. ಆ ಅಕ್ಕನ್ನ ಊರೆಲ್ಲ ಕಳ್ಳಿ ಅಂತ ಕರೆದಿದ್ದು ನನ್ನ ಬಾಯಲ್ಲಿ. ಬೆಳಗ್ಗೆ ಇಬ್ರೂ ಹೋಗಾಣ."

ಹೋದೆವು. ಅಂಗಡಿ ತೆರೆದಿತ್ತು, ಮೇಜಿನ ಹಿಂದೆ ಬೇರೆ ಹೆಂಗಸು ಕೂತಿದ್ದಳು. ತಂಗಿಯಂತೆ. ಅಕ್ಕ ಕಾಮಾಲೆಯಾಗಿ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದಳು. ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸುತ್ತಿದ್ದಳು. ಆ ತಿಂಗಳ ಕೊನೆಗೆ ಅಂಗಡಿ ಬಿಡುತ್ತಿದ್ದರು. ಬಂದದ್ದು ಯಾಕೆ ಎಂದು ಸೊಸೆಯೇ ಅವಳಿಗೆ ಹೇಳಿದಳು. ನಾನು ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ತಂಗಿ ತುಂಬಿದ್ದ ಪೆಟ್ಟಿಗೆಯನ್ನು ಕೆದಕಿ, ಆ ರಟ್ಟಿನ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಹಾಳೆ ತಿರುವಿದೆ. ಅವರು ಬಿಟ್ಟಿದ್ದ ಖಾಲಿ ಗೆರೆಗಳಲ್ಲಿ ಎಷ್ಟೋ ಕಡೆ ಬೇರೆ ಬೇರೆ ಕೈಬರಹವಿತ್ತು. 'ಮಗು ಉಚ್ಚೆ ಹೊಯ್ದಿತ್ತು.' 'ಸಿಟ್ಟಿನಲ್ಲಿ ನಾನೇ ಎಸೆದೆ.' 'ಬಸ್ಸಾರು.' ಅವರೆಲ್ಲ ತಿರುಗಿ ಬಂದು ಬರೆದಿದ್ದರು. ನನ್ನ ಹೆಸರಿನ ಕೆಳಗೆ ಅವರ ದುಂಡನೆಯ ಅಕ್ಷರದಲ್ಲಿ 'ಏನೂ ಆಗಿಲ್ಲ ಎಂದರು' ಎಂದಿತ್ತು. ಅದರ ಕೆಳಗೆ ಎರಡು ಗೆರೆ, ಖಾಲಿ. ಅಲ್ಲಿಯವರೆಗೆ ಪುಸ್ತಕ ಒತ್ತೊತ್ತಾಗಿ ತುಂಬಿತ್ತು. ಅಲ್ಲಿಂದಾಚೆಗೆ, ಎರಡು ವರ್ಷಕ್ಕೆ, ಏಳೇ ಹಾಳೆ.

ತಂಗಿ ಪೆನ್ನು ಕೊಟ್ಟಳು. ಅಕ್ಷರ ದಪ್ಪ ದಪ್ಪ ಬಂತು. 'ನಾನೇ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಇವರು ಏನೂ ಮಾಡಿಲ್ಲ.' ಅಷ್ಟಕ್ಕೇ ಎರಡೂ ಗೆರೆ ಮುಗಿದವು. ಯಾಕೆ ಬಚ್ಚಿಟ್ಟೆ, ಟೀ ಲೋಟ ಹಿಡಿದುಕೊಂಡು ಏನೆಂದೆ, ಬಸ್ಸಿನಲ್ಲಿ ಯಾರು ಯಾರಿಗೆ ಹೌದೆಂದೆ, ಇದಕ್ಕೆಲ್ಲ ಜಾಗವಿರಲಿಲ್ಲ. ಕೆಳಗೆ ಇನ್ನೊಬ್ಬರ ಹೆಸರು ಶುರುವಾಗಿತ್ತು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ ರಿಪೇರಿ ಅಮ್ಮ, ಆದಂಗೇ.